ಲೈಟಿಗೆ ಬರೋ ಕಂದು ದುಂಬಿಗೆ ಹೆಸರು ಹುಡುಕೋದು

ಮೇ ಕೊನೇಲಿ ಒಂದೆರಡು ಜೋರು ಮಳೆ ಬಿದ್ರೆ ಸಾಕು, ಸಾಗರ ತಾಲೂಕಿನ ಕಡೆ ಯಾರ ಮನೆ ಅಂಗಳದ ಲೈಟ್ ಹಾಕಿದ್ರೂ ಕಂದು ದುಂಬಿಗಳು ಪಟಪಟ ಅಂತ ಬಂದು ಬೀಳ್ತವೆ. ತಕ್ಷಣ ನನ್ನ ಫೋನಿಗೆ ಫೋಟೋ ಬರೋಕೆ ಶುರು, "ಸಾರ್ ಇದ್ಯಾವ ಹುಳ, ನಮ್ಮ ತೋಟದ ಬೇರು ತಿನ್ನೋದು ಇದೇನಾ?" ಅಂತ. ಕುರುವಾಯಿ ಆಗಿದ್ರೆ ಫೋಟೋ ನೋಡೇ ಹೇಳಬಹುದು, ಕೊಂಬಿರುತ್ತೆ, ಬೇರೆ ಯಾವುದಕ್ಕೂ ಕನ್‌ಫ್ಯೂಸ್ ಆಗಲ್ಲ. ಈ ಕಂದು ಗುಂಪಿಗೆ ಫೋಟೋ ಇಟ್ಕೊಂಡು ಸ್ಪೀಶೀಸ್ ಹೆಸರು ಹೇಳೋರನ್ನ ನಾನಂತೂ ನಂಬಲ್ಲ.

ಮೊದಲ ಭಾಗ ಸುಲಭ. ಮೀಸೆ ತುದಿ ಬೀಸಣಿಗೆ ಥರ ಬಿಚ್ಚಿಕೊಂಡ್ರೆ ಸ್ಕ್ಯಾರಬೇಯಿಡೇ ಅನ್ನೋ ದುಂಬಿ ಕುಟುಂಬದ್ದು. ಆಮೇಲೆ ಹಿಂಗಾಲಿನ ಉಗುರು, 10ಎಕ್ಸ್ ಲೆನ್ಸ್ ಸಾಕು. ಎರಡು ಉಗುರು ಉದ್ದ ಗಿಡ್ಡ ಇದ್ರೆ ಆ ಕುಟುಂಬದ ರುಟೆಲಿನೇ ಅನ್ನೋ ಉಪಗುಂಪು, ಅಂದ್ರೆ ಅನೋಮಲಾ ಅನ್ನೋ ದುಂಬಿಗಳ ಕಡೆಯವು. ಎರಡೂ ಸಮ ಇದ್ದು ಮೇಲಿಂದ ನೋಡಿದ್ರೆ ದವಡೆ ಕಾಣದೇ ಇದ್ರೆ ಸಾಮಾನ್ಯವಾಗಿ ಮೆಲೊಲೊಂಥಿನೇ ಅನ್ನೋ ಇನ್ನೊಂದು ಉಪಗುಂಪು. ಕಷ್ಟ ಇಲ್ಲಿಂದ ಶುರು. ಬ್ರಿಟಿಷರ ಕಾಲದಲ್ಲಿ ಆ್ಯರೋ ಅನ್ನೋರು ಭಾರತದ ದುಂಬಿಗಳ ಮೇಲೆ ಸಂಪುಟ ಬರೆದ್ರಲ್ಲ, 1910ರಲ್ಲಿ ಹೂದುಂಬಿ ಮತ್ತು ಕುರುವಾಯಿ ಗುಂಪು, 1917ರಲ್ಲಿ ರುಟೆಲಿನೇ, 1931ರಲ್ಲಿ ಸಗಣಿ ದುಂಬಿ, ಆದ್ರೆ ರೈತನಿಗೆ ಅತಿ ಹೆಚ್ಚು ಕಾಟ ಕೊಡೋ ಮೆಲೊಲೊಂಥಿನೇಗೆ ಆ ಸರಣಿಯಲ್ಲಿ ಸಂಪುಟಾನೇ ಬರಲಿಲ್ಲ. ಹಳೇ ವಿವರಣೆ ಬೇಕಂದ್ರೆ ಬ್ರೆನ್ಸ್ಕೆ ಅನ್ನೋ ದುಂಬಿ ತಜ್ಞ 1890ರ ದಶಕದಲ್ಲಿ ಜರ್ಮನ್ನಲ್ಲಿ ಬರೆದಿದ್ದು ಓದ್ಬೇಕು.

ಅದಕ್ಕೇ ನಾನು ಬಣ್ಣ, ಸೈಜ್ ನೋಡೋದು ಬಿಟ್ಟು ಸೀದಾ ಗಂಡಿನ ಜನನಾಂಗಕ್ಕೆ ಹೋಗ್ತೀನಿ. ಬಣ್ಣ ನಂಬಿಕೆಗೆ ಅಲ್ಲ, ಆಗ ತಾನೇ ಪೊರೆ ಬಿಟ್ಟಿದ್ದು ಪೇಲವ ಇರುತ್ತೆ, ಒಂದೇ ರಾತ್ರಿ ಬಿದ್ದವುಗಳಲ್ಲೇ ಕೆಂಪು, ಕಂದು, ಕಪ್ಪು ಎಲ್ಲಾ ಸಿಗುತ್ತೆ. ಬಹಳಷ್ಟರಲ್ಲಿ ಗಂಡಿನ ಮೀಸೆಯ ಬೀಸಣಿಗೆ ಹೆಣ್ಣಿಗಿಂತ ಉದ್ದ, ಹಾಗಾಗಿ ಆರಿಸೋದು ಅಷ್ಟೇನೂ ತ್ರಾಸಲ್ಲ. ಒಣಗಿದ್ದನ್ನ ಬಿಸಿನೀರಲ್ಲಿ ಮೆತ್ತಗಾಗೋವರೆಗೂ ಬಿಟ್ಟು, ಹೊಟ್ಟೆ ತುದಿಯಿಂದ ಕೊಕ್ಕೆ ಮಾಡಿದ ಸಣ್ಣ ಪಿನ್ ಹಾಕಿ ನಿಧಾನಕ್ಕೆ ಎಳೆದ್ರೆ ಗಟ್ಟಿ ಕಂದು ಕೊಳವೆ ಒಂದು ಆಚೆ ಬರುತ್ತೆ. ಮಾಂಸ ಅಂಟಿದ್ರೆ 10% ಕಾಸ್ಟಿಕ್ ಪೊಟ್ಯಾಷ್‌ನಲ್ಲಿ ಬಿಡಬೇಕು, ಕೈಗೆ ತಾಗಿಸ್ಕೋಬೇಡಿ, ಚರ್ಮ ಸುಡುತ್ತೆ. ಆ ಕೊಳವೆ ತುದಿಯ ಎರಡು ಎಸಳೇ ಮುಖ್ಯ, ಪ್ಯಾರಮಿಯರ್ ಅಂತಾರೆ, ಅವುಗಳ ಆಕಾರ ನೋಡೇ ಸ್ಪೀಶೀಸ್ ಬೇರೆ ಮಾಡೋದು. ಇದೇ ಮೆಲೊಲೊಂಥಿನೇ ಗುಂಪಿನ ಮಲಡೆರಾ ಥರದ ಪುಟಾಣಿಗಳಲ್ಲಿ ಎಡದ ಎಸಳು ಬಲದ್ದಕ್ಕೆ ಮ್ಯಾಚ್ ಆಗಲ್ಲ, ಅದಕ್ಕೇ ಎಡದಿಂದ, ಬಲದಿಂದ, ಮೇಲಿಂದ ಮೂರೂ ಕಡೆ ಫೋಟೋ ಬೇಕು. ಸಂಶೋಧನಾ ಪೇಪರ್‌ಗಳಲ್ಲಿ ಚಿತ್ರಗಳೂ ಇದೇ ಮೂರು ಕೋನದಲ್ಲಿ ಇರ್ತವೆ, ಪಕ್ಕಪಕ್ಕ ಇಟ್ಟು ನೋಡೋದಷ್ಟೇ. ಮೈಕ್ರೋಸ್ಕೋಪ್ ಕಾಲೇಜಿಂದು, ಸಂಜೆ ಐದರ ಮೇಲೆ ಯಾರೂ ಕೇಳಲ್ಲ.

ತೆಗೆದ ಭಾಗವನ್ನ ಸಣ್ಣ ಕಾರ್ಡಿಗೆ ಅಂಟಿಸಿ ಅದೇ ದುಂಬಿಯ ಪಿನ್ನಿಗೇ ಚುಚ್ಚಿ, ಬೇರೆ ಡಬ್ಬಿಗೆ ಹಾಕಿದ್ರೆ ಯಾವುದು ಯಾರದ್ದು ಅಂತ ಬ್ರಹ್ಮನಿಗೂ ಗೊತ್ತಾಗಲ್ಲ. ಪಿನ್ ಹೋಗಬೇಕಾದ್ದು ಬಲಗಡೆ ರೆಕ್ಕೆಕವಚಕ್ಕೆ. ಊರು, ತಾರೀಕು, ಯಾವ ಮರ ಇಲ್ಲಾ ಯಾವ ಲೈಟು ಅನ್ನೋದನ್ನ ಅವತ್ತೇ ಬರೀಬೇಕು. ಬೇವಿನ ಎಲೆ ಮೇಲೆ ರಾತ್ರಿ ಸಿಕ್ಕಿದ್ದು ಅಂತ ಬರೆದಿದ್ರೆ ಬೇರುಹುಳದ ದುಂಬಿ ಹೋಲೋಟ್ರಿಕಿಯಾ ಸೆರಾಟಾ ಇರಬಹುದಾ ಅಂತ ಮೊದಲು ಅಲ್ಲಿಂದಾನೇ ಚೆಕ್ ಮಾಡ್ತೀನಿ, ಟೈಮ್ ಉಳಿಯುತ್ತೆ. ಅಂದಹಾಗೆ ಇದೆಲ್ಲಾ ಮನೆ ಅಂಗಳ, ತೋಟದ್ದು, ಕಾಡೊಳಗೆ ಹಿಡಿಯೋದಾದ್ರೆ ಅರಣ್ಯ ಇಲಾಖೆ ಪರ್ಮಿಷನ್ ಬೇಕೇ ಬೇಕು.

ಇಷ್ಟು ಮಾಡಿದ್ರೂ ಹೆಣ್ಣುಗಳು ಹಾಗೇ ಉಳೀತಾವೆ. ಒಂದೇ ದಿನ ಒಂದೇ ಲೈಟಿಗೆ ಬಂದಿದೆ ಅಂತ ಗಂಡಿನ ಹೆಸರು ಅಂಟಿಸೋದು ನನಗೆ ಒಪ್ಪಿಗೆ ಇಲ್ಲ, ಯಾಕಂದ್ರೆ ಎರಡು ಮೂರು ಸ್ಪೀಶೀಸ್ ಒಟ್ಟಿಗೇ ಬರ್ತವೆ. ಅವಕ್ಕೆ ಬರೀ ಜೀನಸ್ ಹೆಸರು, ಅಂದ್ರೆ ಸ್ಪೀಶೀಸ್‌ಗಿಂತ ಒಂದು ಮೆಟ್ಟಿಲು ಮೇಲಿನ ಗುಂಪಿನ ಹೆಸರು ಬರೆದು ಬೇರೆ ಪೆಟ್ಟಿಗೇಲಿ ಇಡ್ತೀನಿ, ಬೆಂಗಳೂರಿಗೆ ಹೋದಾಗ ಹೆಬ್ಬಾಳದ ಎನ್‌ಬಿಎಐಆರ್ ಅನ್ನೋ ರಾಷ್ಟ್ರೀಯ ಕೃಷಿ ಕೀಟ ಸಂಸ್ಥೆಯ ಕಲೆಕ್ಷನ್‌ ಜೊತೆ ಹೋಲಿಸೋಕೆ.