ಸ್ಪ್ರೇಯರ್‌ಗೆ ಸರಿಹೊಂದುವ ನಾಜಲ್: ನಿಮಿಷಕ್ಕೆ ಎಷ್ಟು ಲೀಟರ್ ಬೇಕು?

ಔಷಧಿಯ ಲೇಬಲ್ ಹೇಳುವುದು ಹೆಕ್ಟೇರಿನ ಲೆಕ್ಕ, ನಾಜಲ್ ಬಿಡುವುದು ನಿಮಿಷದ ಲೆಕ್ಕದಲ್ಲಿ. ಇವೆರಡನ್ನೂ ಹೊಂದಿಸಲು ಇನ್ನೆರಡು ಅಂಕಿ ಬೇಕು: ಸ್ಪ್ರೇಯರ್ ಸಾಗುವ ವೇಗ, ಬೂಮ್ (ನಾಜಲ್‌ಗಳನ್ನು ಸಾಲಾಗಿ ಜೋಡಿಸಿರುವ ಉದ್ದನೆಯ ಅಡ್ಡಪಟ್ಟಿ) ಮೇಲೆ ನಾಜಲ್‌ಗಳ ನಡುವಿನ ಅಂತರ.

ಒಂದು ನಾಜಲ್‌ಗೆ ನಿಮಿಷಕ್ಕೆ ಬೇಕಾದ ಲೀಟರ್ = (ಹೆಕ್ಟೇರಿಗೆ ಲೀಟರ್ × ಗಂಟೆಗೆ ಕಿ.ಮೀ. × ಅಂತರ ಮೀಟರ್‌ನಲ್ಲಿ) ÷ 600

ಹೆಕ್ಟೇರಿಗೆ 200 ಲೀಟರ್, ವೇಗ 6 ಕಿ.ಮೀ., ಅಂತರ 50 ಸೆಂ.ಮೀ. ಎಂದಿಟ್ಟುಕೊಳ್ಳಿ. 200 × 6 × 0.5 = 600; ಅದನ್ನು 600ರಿಂದ ಭಾಗಿಸಿದರೆ 1 ಲೀಟರ್. ಅಂತರವನ್ನು 0.5 ಎನ್ನುವ ಬದಲು 50 ಎಂದು ಹಾಕಿ ಎಡವುವವರೇ ಹೆಚ್ಚು. ಎಕರೆ ಲೆಕ್ಕದವರು ಎಕರೆಗೆ ಬೇಕಾದ ಲೀಟರ್ ಹಾಕಿ, 600ರ ಬದಲು 243ರಿಂದ ಭಾಗಿಸಬೇಕು.

ವೇಗವನ್ನು ಟ್ರ್ಯಾಕ್ಟರ್ ಮೀಟರ್ ನೋಡಿ ಬರೆದುಕೊಳ್ಳಬೇಡಿ; ಮೆತ್ತನೆಯ ಮಣ್ಣಿನಲ್ಲಿ ಚಕ್ರ ಜಾರುತ್ತದೆ. ಸಿಂಪಡಿಸುವ ಹೊಲದಲ್ಲೇ 50 ಮೀಟರ್ ಗುರುತು ಹಾಕಿ, ಟ್ಯಾಂಕ್ ಅರ್ಧ ತುಂಬಿಸಿ, ಕೆಲಸಕ್ಕೆ ಬಳಸುವ ಗೇರ್ ಮತ್ತು ಎಂಜಿನ್ ವೇಗದಲ್ಲೇ ಓಡಿಸಿ. ಮೊದಲ ಗುರುತಿಗೆ ಬರುವ ಹೊತ್ತಿಗೆ ಪೂರ್ತಿ ವೇಗ ಹಿಡಿದಿರಬೇಕು. 180 ಅನ್ನು ಹಿಡಿದ ಸೆಕೆಂಡುಗಳಿಂದ ಭಾಗಿಸಿದರೆ ಗಂಟೆಗೆ ಎಷ್ಟು ಕಿ.ಮೀ. ಎಂದು ಸಿಗುತ್ತದೆ. 30 ಸೆಕೆಂಡ್ ಹಿಡಿದರೆ 6.

ಇನ್ನು ನಾಜಲ್ ಆಯ್ಕೆ. ಐಎಸ್‌ಒ (ಅಂತರರಾಷ್ಟ್ರೀಯ ಮಾನದಂಡ) ಬಣ್ಣದ ಕ್ರಮ ಪಾಲಿಸುವ ನಾಜಲ್‌ಗಳಲ್ಲಿ 3 ಬಾರ್ ಒತ್ತಡಕ್ಕೆ ಹಳದಿ (ಗಾತ್ರ ಸಂಖ್ಯೆ 02) ನಿಮಿಷಕ್ಕೆ ಸುಮಾರು 0.8 ಲೀಟರ್, ನೇರಳೆ (025) 1.0, ನೀಲಿ (03) 1.2, ಕೆಂಪು (04) 1.6 ಲೀಟರ್ ಬಿಡುತ್ತವೆ. ನಮಗೆ ಬೇಕಾದ 1 ಲೀಟರ್ ನೇರಳೆಯಲ್ಲಿ 3 ಬಾರ್‌ಗೆ ಸಿಗುತ್ತದೆ, ನೀಲಿಯಲ್ಲಿ ಸುಮಾರು 2.1 ಬಾರ್‌ಗೆ. ಸಾಮಾನ್ಯ ಫ್ಲ್ಯಾಟ್ ಫ್ಯಾನ್ (ಬೀಸಣಿಗೆಯಂತೆ ಚಪ್ಪಟೆಯಾಗಿ ಸಿಂಪಡಿಸುವ ನಾಜಲ್) ಆದರೆ ಎಲೆಯನ್ನೆಲ್ಲ ಮುಚ್ಚಬೇಕಾದ ಶಿಲೀಂಧ್ರನಾಶಕಕ್ಕೆ ನೇರಳೆ ಒಳ್ಳೆಯದು. ಗಾಳಿಗೆ ಪಕ್ಕದ ಬೆಳೆಗೆ ಹಾರಬಾರದ ಕಳೆನಾಶಕಕ್ಕೆ ಹನಿ ದಪ್ಪವಿರುವ ನೀಲಿಯೇ ಸರಿ. ಕೆಂಪಿನಲ್ಲೂ 1 ಲೀಟರ್ ಬರುತ್ತದೆ, ಆದರೆ 1.2 ಬಾರ್‌ಗೆ ಇಳಿಸಬೇಕು. ಅಷ್ಟು ಕಡಿಮೆ ಒತ್ತಡದಲ್ಲಿ ಬೀಸಣಿಗೆ ಪೂರ್ತಿ ಅರಳುವುದಿಲ್ಲ, ಹೊಲದಲ್ಲಿ ಪಟ್ಟೆ ಪಟ್ಟೆಯಾಗಿ ಔಷಧಿ ಬೀಳದ ಜಾಗ ಉಳಿಯುತ್ತದೆ.

ಒತ್ತಡ ಏರಿಸಿ ಪ್ರಮಾಣ ಹೆಚ್ಚಿಸಿಕೊಳ್ಳುವ ಅಭ್ಯಾಸ ಬಹಳ ಜನರಿಗಿದೆ. ಅದು ದಂಡ. ಹರಿವು ಒತ್ತಡದ ವರ್ಗಮೂಲಕ್ಕೆ ತಕ್ಕಂತೆ ಏರುತ್ತದೆ, ಅಂದರೆ ಹರಿವು ಎರಡರಷ್ಟಾಗಲು ಒತ್ತಡ ನಾಲ್ಕರಷ್ಟಾಗಬೇಕು. 200 ಲೀಟರನ್ನು 300ಕ್ಕೆ ಏರಿಸಲು 3 ಬಾರ್ 6.75 ಬಾರ್ ಆಗಬೇಕು. ಅಷ್ಟರಲ್ಲಿ ಔಷಧಿಯ ಒಂದು ಪಾಲು ಮಂಜಾಗಿ ತೇಲಿಹೋಗಲು ಶುರುವಾಗಿರುತ್ತದೆ. ಒತ್ತಡ ಹೊಂದಿಸುವ ಗುಂಡಿ ಸಣ್ಣಪುಟ್ಟ ಹೊಂದಾಣಿಕೆಗೆ ಮಾತ್ರ. ದೊಡ್ಡ ಬದಲಾವಣೆ ಬೇಕೆಂದರೆ ನಾಜಲ್ ಬದಲಿಸಿ, ಇಲ್ಲವೇ ವೇಗ ಬದಲಿಸಿ.

ಕ್ಯಾಟಲಾಗ್ ಅಂಕಿ ಹೊಸ ನಾಜಲ್‌ಗೆ, ಅದೂ ಬರಿ ನೀರಿಗೆ. ಹಾಗಾಗಿ ಅಳೆದೇ ನೋಡಬೇಕು. ಟ್ಯಾಂಕ್ ತೊಳೆದು ಶುದ್ಧ ನೀರು ತುಂಬಿ, ಕೈಗವಸು ಹಾಕಿಕೊಂಡು, ಕೆಲಸದ ಒತ್ತಡದಲ್ಲೇ ಪ್ರತಿ ನಾಜಲ್ ಕೆಳಗೆ ಅಳತೆ ಜಗ್ ಹಿಡಿದು ಒಂದು ನಿಮಿಷ ನೀರು ಹಿಡಿಯಿರಿ. ಎಲ್ಲವನ್ನೂ ಬರೆದು ಸರಾಸರಿ ತೆಗೆಯಿರಿ. ಯಾವುದಾದರೂ ಸರಾಸರಿಗಿಂತ 10%ಗೂ ಮೀರಿ ಕಡಿಮೆ ಬಿಡುತ್ತಿದ್ದರೆ ಮೊದಲು ಬಿಚ್ಚಿ ಜಾಲರಿ ನೋಡಿ. ತೂತನ್ನು ತಂತಿಯಿಂದ ಚುಚ್ಚದೆ ಮೃದು ಬ್ರಷ್‌ನಿಂದ ಉಜ್ಜಿ, ತಂತಿ ತಾಗಿದರೆ ತೂತಿನ ಆಕಾರವೇ ಕೆಡುತ್ತದೆ. ಹೊಸದು ಬಿಡುವುದಕ್ಕಿಂತ 10% ಹೆಚ್ಚು ಬಿಡುವ ನಾಜಲ್ ಸವೆದಿದೆ ಎಂದರ್ಥ. ಹಲವು ಹಾಗಾಗಿದ್ದರೆ ಇಡೀ ಸೆಟ್ ಬದಲಿಸುವುದೇ ವಾಸಿ. ಪುಡಿ ರೂಪದ ಔಷಧಿ ಬಳಸುವವರ ಹಿತ್ತಾಳೆ ನಾಜಲ್‌ಗಳು ಬೇಗ ಸವೆಯುತ್ತವೆ, ಸೆರಾಮಿಕ್ ಬಹಳ ಬಾಳುತ್ತದೆ. ಬೂಮ್ ತುದಿಯ ನಾಜಲ್‌ಗಳಷ್ಟೇ ಕಡಿಮೆ ಬಿಡುತ್ತಿದ್ದರೆ ದೋಷ ಹೆಚ್ಚಾಗಿ ನಾಜಲ್‌ನದ್ದಲ್ಲ. ಪೈಪ್ ಕಿರಿದಾಗಿದೆ, ಮಡಚಿದೆ ಅಥವಾ ಪಂಪ್‌ಗೆ ಅಷ್ಟು ಶಕ್ತಿಯಿಲ್ಲ. ಪಂಪ್ ಬಳಿಯ ಗೇಜ್ 3 ಬಾರ್ ತೋರಿಸಿದ ಮಾತ್ರಕ್ಕೆ ತುದಿಯಲ್ಲೂ 3 ಬಾರ್ ಇರುತ್ತದೆಂದಲ್ಲ.

ಬೆನ್ನಿಗೆ ಹೊರುವ ಸ್ಪ್ರೇಯರ್‌ಗೂ ಸೂತ್ರ ಅದೇ. ಅಂತರದ ಜಾಗದಲ್ಲಿ ಒಂದು ಸಾಲಿಗೆ ನೆನೆಯುವ ಅಗಲ ಹಾಕಿ. ಗಂಟೆಗೆ 3 ಕಿ.ಮೀ. ನಡಿಗೆ, 1 ಮೀಟರ್ ಅಗಲ, ನಿಮಿಷಕ್ಕೆ 0.9 ಲೀಟರ್ ಆದರೆ ಹೆಕ್ಟೇರಿಗೆ 180 ಲೀಟರ್ ಬೀಳುತ್ತದೆ. ಲೆಕ್ಕ ಬೇಡವೆನ್ನುವವರು 10 × 10 ಮೀಟರ್ ಜಾಗಕ್ಕೆ ನೀರು ಹೊಡೆದು, ಟ್ಯಾಂಕನ್ನು ಮತ್ತೆ ಅದೇ ಗುರುತಿಗೆ ತುಂಬಲು ಬೇಕಾದ ಲೀಟರನ್ನು 100ರಿಂದ ಗುಣಿಸಿದರಾಯಿತು. ಸಿಂಪಡಿಸುವವರೇ ಇದನ್ನು ಮಾಡಬೇಕು. ಒಬ್ಬೊಬ್ಬರ ನಡಿಗೆ ಒಂದೊಂದು ರೀತಿ.

ದ್ರವಗೊಬ್ಬರದಂತಹ ಭಾರದ ದ್ರಾವಣಕ್ಕೆ ಒಂದು ತಿದ್ದುಪಡಿ ಉಂಟು. ಬೇಕಾದ ಹರಿವನ್ನು ಸಾಂದ್ರತೆಯ ವರ್ಗಮೂಲದಿಂದ ಗುಣಿಸಿ ಕ್ಯಾಟಲಾಗ್ ನೋಡಿ. ನೀರಿಗಿಂತ 1.28 ಪಟ್ಟು ತೂಗುವ ದ್ರಾವಣದಲ್ಲಿ 1 ಲೀಟರ್ ಬೇಕಿದ್ದರೆ, ನೀರಿನ ಪಟ್ಟಿಯಲ್ಲಿ 1.13 ಲೀಟರ್ ಬಿಡುವ ನಾಜಲ್ ಆರಿಸಬೇಕು.

ಔಷಧಿ ಬೆರೆಸುವಾಗ ಲೇಬಲ್‌ನ ನೀರಿನ ಅಂಕಿಯ ಬದಲು ನೀವು ಅಳೆದ ಅಂಕಿಯನ್ನೇ ಹಿಡಿಯಿರಿ, ಅದು ಲೇಬಲ್ ಹೇಳಿದ ಮಿತಿಯೊಳಗಿದ್ದರೆ. ಹೆಕ್ಟೇರಿಗೆ 200 ಲೀಟರ್ ಬೀಳುವಲ್ಲಿ 400 ಲೀಟರ್ ಟ್ಯಾಂಕ್ 2 ಹೆಕ್ಟೇರಿಗೆ ಬರುತ್ತದೆ, ಹೆಕ್ಟೇರಿಗೆ 1 ಲೀಟರ್ ಔಷಧಿ ಹೇಳಿದ್ದರೆ ಟ್ಯಾಂಕಿಗೆ 2 ಲೀಟರ್. ಸವೆದ ನಾಜಲ್‌ನಿಂದ 230 ಲೀಟರ್ ಬೀಳುತ್ತಿದ್ದು ಅದು ಗೊತ್ತಿಲ್ಲದಿದ್ದರೆ, ಅದೇ ಟ್ಯಾಂಕ್ 1.74 ಹೆಕ್ಟೇರಿಗೇ ಮುಗಿಯುತ್ತದೆ, ಬೆಳೆಗೆ 15% ಹೆಚ್ಚು ಔಷಧಿ ಬಿದ್ದಿರುತ್ತದೆ.