26 ಇಂಚು ಎಂದರೆ ಯಾವ 26? ಅಪರೂಪದ ಸೈಕಲ್ ಚಕ್ರಕ್ಕೆ ಟೈರ್ ಹುಡುಕುವ ಬಗೆ

ಹಳೆಯ ಸೈಕಲ್ಲೊಂದನ್ನು ಒರೆಸಿ, ಎಣ್ಣೆ ಬಿಟ್ಟು, ಚೈನ್ ಬಿಗಿ ಮಾಡಿ ಸಿದ್ಧಗೊಳಿಸಿದ್ದೆ. ಉಳಿದದ್ದು ಬಿರುಕು ಬಿಟ್ಟ ಟೈರ್ ಬದಲಾಯಿಸುವುದಷ್ಟೇ. ಹಳೆಯ ಟೈರಿನ ಮೇಲೆ 26 × 1 3/4 ಎಂದಿತ್ತು. 26 × 1.75 ಎಂದು ಬರೆದಿದ್ದ ಹೊಸ ಟೈರ್ ತಂದೆ. ಒಂದೂ ಮುಕ್ಕಾಲು ಎಂದರೂ 1.75 ಎಂದರೂ ಒಂದೇ ತಾನೆ ಎಂಬ ನಂಬಿಕೆ. ಟೈರ್ ರಿಮ್ ಮೇಲೆ ಏರಲೇ ಇಲ್ಲ. ಬಲವಂತ ಮಾಡಿದಾಗ ಲಿವರ್ ಮುರಿಯಿತು, ಟೈರಿನ ಅಂಚಿನ ತಂತಿ ಸೊಟ್ಟಗಾಯಿತು. ಗಣಿತದಲ್ಲಿ ಸಮವಾದ ಈ ಎರಡು ಸಂಖ್ಯೆಗಳು ಸೈಕಲ್ಲಿನಲ್ಲಿ ಎರಡು ಬೇರೆ ಚಕ್ರಗಳು. ದಶಾಂಶದ್ದು 559 ಮಿ.ಮೀ. ರಿಮ್ಮಿಗೆ, ಭಿನ್ನರಾಶಿಯದ್ದು 571 ಮಿ.ಮೀ. ರಿಮ್ಮಿಗೆ. ಇಂಚಿನ ಹೆಸರನ್ನು ನಂಬಿ ಹಣ ಕೊಡಬೇಡಿ ಎಂದು ಅಂದಿನಿಂದ ಎಲ್ಲರಿಗೂ ಹೇಳುತ್ತಿದ್ದೇನೆ.

ಈ ಗೊಂದಲಕ್ಕೆ ಕಾರಣವಿದೆ. ಇಂಚಿನ ಅಂಕೆ ರಿಮ್ಮಿನದ್ದಲ್ಲ, ಗಾಳಿ ತುಂಬಿದ ಟೈರಿನ ಹೊರ ವ್ಯಾಸದ್ದು, ಅದೂ ಅಂದಾಜಿನದ್ದು. ದಪ್ಪ ಟೈರ್ ಹಾಕಿದ ಸಣ್ಣ ರಿಮ್ಮೂ ತೆಳು ಟೈರ್ ಹಾಕಿದ ದೊಡ್ಡ ರಿಮ್ಮೂ ಹೊರಗಿನಿಂದ ಅಳೆದರೆ ಒಂದೇ ಅಳತೆಗೆ ಬರುತ್ತವೆ. ಫ್ರೆಂಚರ 700ಎ, 700ಬಿ, 700ಸಿ ಹುಟ್ಟಿದ್ದೂ ಹೀಗೆಯೇ. ಮೂರರ ಹೊರ ವ್ಯಾಸವೂ ಸುಮಾರು 700 ಮಿ.ಮೀ.; ಅಕ್ಷರ ಮುಂದೆ ಹೋದಂತೆ ಟೈರ್ ದಪ್ಪವಾಗುತ್ತದೆ, ರಿಮ್ ಚಿಕ್ಕದಾಗುತ್ತದೆ: 642, 635, 622. ಮುಂದೆ ಟೈರಿನ ದಪ್ಪ ಬದಲಾಯಿತು, ಹೆಸರು ಮಾತ್ರ ಹಾಗೆಯೇ ಅಂಟಿಕೊಂಡಿತು.

ಮೊದಲು ಮೂರಂಕಿಯ ಸಂಖ್ಯೆ

ಹಳೆಯ ಟೈರ್ ಇನ್ನೂ ಚಕ್ರದ ಮೇಲಿದ್ದರೆ ಅದನ್ನು ಎಸೆಯುವ ಮುನ್ನ ಪಕ್ಕದ ಗೋಡೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿ. ಕಪ್ಪು ರಬ್ಬರಿನ ಮೇಲೆ ಕಪ್ಪಾಗಿಯೇ ಉಬ್ಬಿರುವ ಅಕ್ಷರಗಳು ಕಣ್ಣಿಗೆ ಸುಲಭವಾಗಿ ಕಾಣುವುದಿಲ್ಲ. ಸೀಮೆಸುಣ್ಣವನ್ನು ಅಡ್ಡ ಹಿಡಿದು ಮೆಲ್ಲಗೆ ಉಜ್ಜಿದರೆ ಉಬ್ಬಿದ ಭಾಗಕ್ಕಷ್ಟೇ ಬಿಳಿ ಹತ್ತಿ ಅಂಕೆಗಳು ಎದ್ದು ಬರುತ್ತವೆ. 37-590 ಎಂಬಂಥ ಜೋಡಿ ಸಂಖ್ಯೆ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಐಎಸ್ಒ 5775 ಮಾನದಂಡದ ಈ ಬರಹದಲ್ಲಿ 37 ಟೈರಿನ ಅಗಲ. 590 ಎಂಬುದು ಟೈರಿನ ಅಂಚು ರಿಮ್ಮಿನಲ್ಲಿ ಕೂರುವ ಜಾಗದ ವ್ಯಾಸ. ಎರಡೂ ಮಿಲಿಮೀಟರಿನಲ್ಲಿ. ಅಗಲದಲ್ಲಿ ಹೆಚ್ಚುಕಡಿಮೆ ಆಗಬಹುದು, ವ್ಯಾಸದಲ್ಲಿ ಆಗಕೂಡದು.

ಟೈರ್ ಇಲ್ಲದಿದ್ದರೆ ರಿಮ್ಮಿನ ಮೇಲೆಯೇ 622 × 19 ಎಂಬಂಥ ಮುದ್ರೆ ಇದೆಯೇ ನೋಡಿ. ಇಲ್ಲಿ 19 ಎಂಬುದು ರಿಮ್ಮಿನ ಒಳ ಅಗಲ.

ಅದೂ ಇಲ್ಲದಿದ್ದರೆ ಅಳೆಯಿರಿ

ಇಲ್ಲಿ ಆತುರ ಬೇಡ. ಟ್ಯೂಬ್ ಮತ್ತು ರಿಮ್ಮಿನ ಒಳಪಟ್ಟಿ ತೆಗೆದು ಒಳಗೆ ಬೆರಳಾಡಿಸಿ. ಎರಡೂ ಕಡೆ ಎದ್ದ ಅಂಚು, ಅದರ ಬುಡದಲ್ಲಿ ಸಣ್ಣ ಜಗುಲಿಯಂಥ ಮೆಟ್ಟಿಲು, ನಡುವೆ ಸ್ಪೋಕ್ ತುದಿಗಳಿರುವ ತಗ್ಗು. ಟೈರ್ ಕೂರುವುದು ಆ ಜಗುಲಿಯ ಮೇಲೆ, ಅಳೆಯಬೇಕಾದದ್ದೂ ಅದನ್ನೇ. ಹೊಲಿಗೆ ದಾರ ಎಳೆದಷ್ಟೂ ಹಿಗ್ಗುವುದರಿಂದ ತೆಳುವಾದ ತಾಮ್ರದ ತಂತಿ ವಾಸಿ. ಜಗುಲಿಯ ಮೇಲೆ ಸುತ್ತಲೂ ತಂತಿ ಕೂರಿಸಿ, ಗೇಣಿಗೊಂದರಂತೆ ಅಂಟುಪಟ್ಟಿ ಹಚ್ಚಿ, ತುದಿಗಳು ಒಂದನ್ನೊಂದು ದಾಟುವಲ್ಲಿ ಪೆನ್ನಿನಿಂದ ಗುರುತು ಹಾಕಿ. ಬಿಚ್ಚಿ ನೆಲದ ಮೇಲೆ ನೇರವಾಗಿ ಹಾಸಿ ಅಳೆದು, ಬಂದ ಉದ್ದವನ್ನು 3.1416ರಿಂದ ಭಾಗಿಸಿ.

ವ್ಯಾಸವನ್ನು ನೇರವಾಗಿ ಅಳೆಯುವುದಕ್ಕಿಂತ ಇದು ಮೇಲು. 584 ಮತ್ತು 590ರ ನಡುವೆ ಇರುವುದು ಆರೇ ಮಿ.ಮೀ.; ಟೇಪು ಚಕ್ರದ ನಡುಬಿಂದುವಿನಿಂದ ಸ್ವಲ್ಪ ಸರಿದರೂ ಆ ವ್ಯತ್ಯಾಸ ಅಳಿಸಿಹೋಗುತ್ತದೆ. ಸುತ್ತಳತೆಯಲ್ಲಿ ಅದೇ ಆರು ಮಿ.ಮೀ. ಸುಮಾರು 19 ಮಿ.ಮೀ. ಆಗಿ ಹಿಗ್ಗುತ್ತದೆ. ತಂತಿ 1853 ಮಿ.ಮೀ. ಆಸುಪಾಸು ಬಂದರೆ ಅದು 590. 1835 ಬಂದರೆ 584. ಎರಡು ಸಲ ಅಳೆದು ತಾಳೆ ನೋಡಿ.

ಬಂದ ಸಂಖ್ಯೆಯನ್ನು ಪ್ರಚಲಿತ ಅಳತೆಗಳೊಂದಿಗೆ ಹೋಲಿಸಿ. 622 ಎಂದರೆ ಇಂದಿನ 700ಸಿ, ದಪ್ಪ ಟೈರಿನಲ್ಲಿ ಇದೇ 29 ಇಂಚು. 630 ಹಳೆಯ ರೇಸಿಂಗ್ ಮಾದರಿಯ ಸೈಕಲ್ಲುಗಳ 27 ಇಂಚು. 635 ಎಂದರೆ ರಾಡ್ ಬ್ರೇಕಿನ ದೊಡ್ಡ ಕಪ್ಪು ಸೈಕಲ್ಲುಗಳ 28 × 1 1/2. 584 ಈಗಿನ 27.5, ಹಿಂದಿನ 650ಬಿ. 26 × 1 3/8 ಎಂಬ ಬರಹ ಸಾಮಾನ್ಯವಾಗಿ 590. ಆದರೆ ಅಮೆರಿಕದ ಶ್ವಿನ್ ಕಂಪನಿಯ ಹಳೆಯ ಸೈಕಲ್ಲುಗಳಲ್ಲಿ ಅದೇ ಬರಹ 597 ಆಗಿರುತ್ತದೆ. ಮಡಚುವ ಸೈಕಲ್ಲುಗಳಲ್ಲೂ ಇದೇ ಪಾಡು: 20 ಇಂಚು 406 ಆಗಿರಬಹುದು, 451 ಕೂಡ, 16 ಇಂಚು 305 ಆಗಿರಬಹುದು, ಬ್ರಾಂಪ್ಟನ್ನಿನಂತೆ 349 ಕೂಡ.

ಚಿಕ್ಕ ಟೈರ್ ಏರುವುದಿಲ್ಲ, ನಷ್ಟ ಅಷ್ಟೇ. ದೊಡ್ಡದು ಸಲೀಸಾಗಿ ಏರುತ್ತದೆ. ಅಪಾಯ ಇರುವುದೇ ಅಲ್ಲಿ. 622ರ ರಿಮ್ಮಿಗೆ 630ರ ಟೈರ್ ಹಾಕಿ ಗಾಳಿ ತುಂಬಿದರೆ ಅಂಚು ಜಾರಿ ಟ್ಯೂಬ್ ಸಿಡಿಯಬಹುದು, ಅದೂ ಓಡಿಸುವಾಗ. ದಯವಿಟ್ಟು ಆ ಪ್ರಯೋಗ ಮಾಡಬೇಡಿ.

ಎಲ್ಲಿ ಹುಡುಕುವುದು

ಹುಡುಕುವಾಗ ಇಂಚನ್ನು ಬಿಟ್ಟು '37-590' ಎಂದೇ ಕೇಳಿ, ಹಾಗೆಯೇ ಬರೆಯಿರಿ. ಒಂದು ಕಡೆ ಅಪರೂಪವಾದ ಅಳತೆ ಇನ್ನೊಂದು ಕಡೆ ನಿತ್ಯದ್ದಾಗಿರುತ್ತದೆ. 590 ಜಪಾನಿನ ದಿನಬಳಕೆಯ ಸೈಕಲ್ಲುಗಳದ್ದು, ಹಾಗಾಗಿ ಪ್ಯಾನರೇಸರ್‌ನಂಥ ಜಪಾನೀ ತಯಾರಕರಲ್ಲಿ ಸಿಗುತ್ತದೆ. 635 ನೆದರ್ಲೆಂಡ್ಸ್‌ನ ಸಾಂಪ್ರದಾಯಿಕ ಸೈಕಲ್ಲುಗಳಲ್ಲೂ ಇದೆ. 24 × 1 3/8 ಬೇಕಾದವರು, ಅಂದರೆ 540, ಗಾಲಿಕುರ್ಚಿಯ ಬಿಡಿಭಾಗ ಮಾರುವವರನ್ನು ಕೇಳಬೇಕು. ದೊಡ್ಡ ಚಕ್ರದ ಗಾಲಿಕುರ್ಚಿಗಳು ಬಹುಪಾಲು ಇದೇ ಅಳತೆಯವು. ಜರ್ಮನಿಯ ಟೈರ್ ಕಂಪನಿ ಶ್ವಾಲ್ಬೆಯ ಪಟ್ಟಿಯಲ್ಲಿ ಇಂಥ ಹಲವು ಅಳತೆಗಳಿವೆ.

ಅಗಲ ಆರಿಸುವಾಗ ರಿಮ್ಮಿನ ಒಳ ಅಗಲದ ಒಂದೂವರೆಯಿಂದ ಎರಡು ಪಟ್ಟು ಇರಲಿ. ಟೈರಿಗೂ ಮಡ್‌ಗಾರ್ಡ್, ಫೋರ್ಕುಗಳಿಗೂ ನಡುವೆ ಕಿರುಬೆರಳಿನ ಅರ್ಧ ದಪ್ಪದಷ್ಟಾದರೂ ಜಾಗ ಉಳಿಯಬೇಕು. ಟ್ಯೂಬಿನ ಬಗ್ಗೆ ಇಷ್ಟು ಚಿಂತೆ ಬೇಡ, ರಬ್ಬರು ಹಿಗ್ಗುತ್ತದೆ: 622ರ ಟ್ಯೂಬ್ 630ಕ್ಕೂ 635ಕ್ಕೂ ನಡೆಯುತ್ತದೆ. ವಾಲ್ವ್ ಮಾತ್ರ ರಿಮ್ಮಿನ ತೂತಿಗೆ ಹೊಂದಬೇಕು.

ಎಲ್ಲಿಯೂ ಸಿಗದಿದ್ದರೆ ಕೊನೆಯ ದಾರಿ, ಅದೇ ಹಬ್‌ಗೆ ಸಾಮಾನ್ಯ ಅಳತೆಯ ರಿಮ್ ಕಟ್ಟಿಸುವುದು. ರಿಮ್ ಹಿಡಿಯುವ ಬ್ರೇಕಾದರೆ ಬ್ರೇಕ್ ಕಟ್ಟೆ ಹೊಸ ರಿಮ್ಮಿನವರೆಗೆ ತಲುಪುತ್ತದೆಯೇ ನೋಡಿಕೊಳ್ಳಿ. 630ರಿಂದ 622ಕ್ಕೆ ಬಂದರೆ ಅದು 4 ಮಿ.ಮೀ. ಒಳಗೆ ಸರಿಯಬೇಕಾಗುತ್ತದೆ.

ಟೈರ್ ಬಂದ ಮೇಲೆ ಪೂರ್ತಿ ಗಾಳಿ ಹೊಡೆಯುವ ಮುನ್ನ ಅರ್ಧ ತುಂಬಿಸಿ ಚಕ್ರ ನಿಧಾನವಾಗಿ ತಿರುಗಿಸಿ. ಟೈರಿನ ಗೋಡೆಯಲ್ಲಿ ರಿಮ್ಮಿಗೆ ಹತ್ತಿರವಾಗಿ ಒಂದು ತೆಳುಗೆರೆ ಸುತ್ತಲೂ ಓಡಿರುತ್ತದೆ. ಅದು ಎಲ್ಲಾದರೂ ರಿಮ್ಮಿನೊಳಗೆ ಮುಳುಗಿದರೆ ಅಥವಾ ಮೇಲೆದ್ದರೆ ಗಾಳಿ ಬಿಟ್ಟು, ಆ ಜಾಗವನ್ನು ಕೈಯಿಂದ ಹಿಸುಕಿ ಕೂರಿಸಿ, ಮತ್ತೆ ತುಂಬಿಸಿ. ಗೆರೆ ಎರಡೂ ಬದಿಯಲ್ಲಿ ಒಂದೇ ಸಮನೆ ಕಂಡ ಮೇಲೆ ಪೂರ್ತಿ ಗಾಳಿ ಹೊಡೆಯಿರಿ.