ರೇಸಿಗೆ ಎಷ್ಟು ದೊಡ್ಡ ಹೆಡ್‌ಸೇಲ್?

ಹೆಡ್‌ಸೇಲ್ ಎಂದರೆ ಮಾಸ್ಟಿನ, ಅಂದರೆ ಹಾಯಿಕಂಬದ, ಮುಂದೆ ಕಟ್ಟುವ ಹಾಯಿ. ಅದರ ಚೀಲದ ಮೇಲಿನ ‘150%’ ಹಾಯಿಯ ವಿಸ್ತೀರ್ಣವಲ್ಲ; ಎಲ್‌ಪಿ ಎಂಬ ಅಳತೆ ಜೆ ಎಂಬ ಅಳತೆಯ ಶೇಕಡಾ ಎಷ್ಟು ಎಂಬುದು. ಹಾಯಿಯ ಹಿಂದಿನ ಕೆಳಮೂಲೆ, ಅಂದರೆ ಕ್ಲೂನಿಂದ, ಮುಂದಿನ ಅಂಚಾದ ಲಫ್‌ಗೆ ಲಂಬವಾಗಿ ಟೇಪ್ ಹಿಡಿದರೆ ಸಿಗುವುದು ಎಲ್‌ಪಿ. ಮಾಸ್ಟಿನ ಮುಂಬದಿಯಿಂದ ಫೋರ್‌ಸ್ಟೇ (ಮಾಸ್ಟನ್ನು ಮುಂದಿನಿಂದ ಹಿಡಿದಿಡುವ ತಂತಿ) ಡೆಕ್ಕಿಗೆ ಸೇರುವ ಜಾಗದವರೆಗಿನ ದೂರ ಜೆ. ಜೆ 3.60 ಮೀಟರ್, ಎಲ್‌ಪಿ 5.40 ಮೀಟರ್ ಆದರೆ 150%, ಎಲ್‌ಪಿ 3.42 ಇದ್ದರೆ 95%.

ಫೋರ್‌ಸ್ಟೇ ಮಾಸ್ಟಿನ ತುದಿಯವರೆಗೆ ಹೋಗುವ ಮಾಸ್ಟ್‌ಹೆಡ್ ರಿಗ್‌ನಲ್ಲಿ ಸಾಮಾನ್ಯವಾಗಿ ನಂಬರ್ 1 ಎಂದರೆ 150–155%, ನಂಬರ್ 2 ಸುಮಾರು 130%, ನಂಬರ್ 3 ಎಂದರೆ 95–100%. ಫೋರ್‌ಸ್ಟೇ ತುದಿಗಿಂತ ಕೆಳಗೇ ಸೇರುವ, ಸ್ಪ್ರೆಡರ್‌ಗಳು (ಮಾಸ್ಟಿನ ಅಡ್ಡತೋಳುಗಳು) ಹಿಂದಕ್ಕೆ ಬಾಗಿರುವ ಫ್ರ್ಯಾಕ್ಷನಲ್ ರಿಗ್‌ಗಳಲ್ಲಿ ಬಹುತೇಕ 105–108% ದಾಟುವುದಿಲ್ಲ; ಅಲ್ಲಿ ಒಂದು ಜಿಬ್‌ಗೂ (ಸಣ್ಣ ಹೆಡ್‌ಸೇಲ್) ಇನ್ನೊಂದಕ್ಕೂ ವ್ಯತ್ಯಾಸ ಹೆಚ್ಚಾಗಿ ಬಟ್ಟೆಯ ದಪ್ಪದಲ್ಲಿ, ಹೊಟ್ಟೆಯ (ಹಾಯಿಯ ಉಬ್ಬಿನ) ಆಳದಲ್ಲಿ. ಹೊಸ ಹಾಯಿ ಹೊಲಿಸುವ ಮುನ್ನ ರೇಟಿಂಗ್ ನಿಯಮ (ಬೇರೆ ಬೇರೆ ದೋಣಿಗಳನ್ನು ಸಮಗೊಳಿಸಲು ಅಳತೆಗೆ ತಕ್ಕಂತೆ ಸಮಯ ಲೆಕ್ಕ ಹಾಕುವ ನಿಯಮ) ಓದಿ. ದೊಡ್ಡ ಜೆನೋವಾ (ಮಾಸ್ಟಿನ ಹಿಂದಕ್ಕೂ ಚಾಚುವ ಹೆಡ್‌ಸೇಲ್) ಹಗುರ ಗಾಳಿಯಲ್ಲಿ ಗಳಿಸಿದ್ದನ್ನು ರೇಟಿಂಗ್ ಉಳಿದ ದಿನಗಳಲ್ಲಿ ಕಿತ್ತುಕೊಳ್ಳಬಹುದು.

ಯಾವ ಹಾಯಿ ಎಂದು ತೀರ್ಮಾನಿಸಬೇಕಾದದ್ದು ದೋಣಿಯ ಮೇಲೆ ಬೀಸುವ ಗಾಳಿ ನೋಡಿ. ನಿಜಗಾಳಿ 10 ನಾಟ್ ಇದ್ದು, ಗಾಳಿಗೆ ಎದುರಾಗಿ ಓರೆಯಲ್ಲಿ ದೋಣಿ 6 ನಾಟ್ ಓಡುತ್ತಿದ್ದರೆ ಹಾಯಿಗೆ ತಾಗುವುದು ಸುಮಾರು 15. ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ: 10 ಇದ್ದದ್ದು 14 ಆದರೆ ಹೆಚ್ಚೂಕಡಿಮೆ ಇಮ್ಮಡಿ. ‘ನಾಲ್ಕೇ ನಾಟ್ ತಾನೆ’ ಎಂದು ಕೂತರೆ ತಡವಾಗುತ್ತದೆ.

ಹಾಯಿ ದೊಡ್ಡದಾಯಿತೆಂದು ಮೊದಲು ಹೇಳುವುದು ಚುಕ್ಕಾಣಿ. ದೋಣಿ ನೇರ ಹೋಗಲು ಅದನ್ನು ಐದಾರು ಡಿಗ್ರಿಗಿಂತ ಹೆಚ್ಚು ತಿರುಗಿಸಿ ಹಿಡಿಯಬೇಕಾಗಿದ್ದರೆ ನೀವು ಬ್ರೇಕ್ ಒತ್ತಿಕೊಂಡೇ ಓಡುತ್ತಿದ್ದೀರಿ. ವಾಲು 25 ಡಿಗ್ರಿ ದಾಟುತ್ತದೆ, ಮೇನ್‌ಸೇಲ್ (ಮಾಸ್ಟಿನ ಹಿಂದಿನ ಮುಖ್ಯ ಹಾಯಿ) ಸದಾ ಪಟಪಟ ಬಡಿಯುತ್ತಿರುತ್ತದೆ. ಆದರೂ ತಕ್ಷಣ ಹಾಯಿ ಇಳಿಸಬೇಡಿ. ಹ್ಯಾಲ್ಯರ್ಡ್ (ಹಾಯಿ ಏರಿಸುವ ಹಗ್ಗ) ಬಿಗಿ ಮಾಡಿ, ಬ್ಯಾಕ್‌ಸ್ಟೇ (ಮಾಸ್ಟನ್ನು ಹಿಂದಿನಿಂದ ಹಿಡಿದಿಡುವ ತಂತಿ) ಎಳೆದು ಫೋರ್‌ಸ್ಟೇಯ ಜೋಲು ತೆಗೆಯಿರಿ, ಶೀಟ್ ಲೀಡ್ (ಕ್ಲೂಗೆ ಕಟ್ಟಿದ ಹಗ್ಗವಾದ ಶೀಟ್ ಹಾದುಹೋಗುವ, ಡೆಕ್ಕಿನ ಟ್ರ್ಯಾಕಿನ ಮೇಲೆ ಸರಿಯುವ ಕೊಂಡಿ) ಒಂದು ರಂಧ್ರ ಹಿಂದಕ್ಕೆ ಸರಿಸಿ. ಇಷ್ಟಾದರೂ ಮೇನ್ ಬಡಿಯುತ್ತಿದ್ದರೆ ಬದಲಿಸಿ. ಸಣ್ಣ ಹಾಯಿಯಲ್ಲಿ ದೋಣಿ ನೆಟ್ಟಗೆ ನಿಂತು ಗಾಳಿಗೆ ಇನ್ನೂ ಹತ್ತಿರ ಏರುತ್ತದೆ. ಸಣ್ಣ ಕಡಿದಾದ ಅಲೆಗಳಿದ್ದರೆ ಮಾತ್ರ ಸ್ವಲ್ಪ ತಡೆಯಿರಿ, ಅಲೆಯನ್ನು ಸೀಳಲು ಬಲ ಬೇಕು. ವಾಲು ತಡೆಯಲು ಅಂಚಿನಲ್ಲಿ ಕೂರುವವರು ಇಬ್ಬರು ಕಡಿಮೆಯಿದ್ದರೆ ಒಂದೆರಡು ನಾಟ್ ಮೊದಲೇ ಬದಲಿಸಿ. ಮೇಲ್ಗಾಳಿಯ ಗುರುತು (ಗಾಳಿ ಬರುವ ಕಡೆ ಸುತ್ತಿ ತಿರುಗಬೇಕಾದ ಬೋಯೆ) ಐದು ನಿಮಿಷದಲ್ಲಿದ್ದರೆ ಸಹಿಸಿಕೊಳ್ಳಿ. ಅದನ್ನು ಸುತ್ತಿ, ಗಾಳಿಯ ಜೊತೆಗೆ ಓಡುವಾಗ ಬಳಸುವ ಉಬ್ಬು ಹಾಯಿಯಾದ ಸ್ಪಿನ್ನೇಕರ್ ಏರಿದ ಮೇಲೆ ಬದಲಾವಣೆ ಸಲೀಸು.

ಹಾಯಿ ಬದಲಿಸಿ ಲೀಡ್ ಮರೆಯುವುದು ಮಾಮೂಲಿ ತಪ್ಪು. ಸಣ್ಣ ಹಾಯಿಯ ಕ್ಲೂ ಮುಂದಿರುವುದರಿಂದ ಲೀಡೂ ಮುಂದಕ್ಕೆ ಬರಬೇಕು. ದೋಣಿಯನ್ನು ನಿಧಾನವಾಗಿ ಗಾಳಿಗೆ ತಿರುಗಿಸುತ್ತ ಲಫ್‌ ಬಳಿ ಮೇಲೆ, ನಡುವೆ, ಕೆಳಗೆ ಅಂಟಿಸಿದ ನೂಲಿನ ಎಳೆಗಳನ್ನು ನೋಡಿ. ಮೇಲಿನ ಎಳೆ ಮೊದಲು ಕುಣಿದರೆ ಲೀಡ್ ಮುಂದಕ್ಕೆ, ಕೆಳಗಿನದು ಮೊದಲು ಕುಣಿದರೆ ಹಿಂದಕ್ಕೆ. ಮೂರೂ ಒಟ್ಟಿಗೆ ಕುಣಿದಾಗ ಟ್ರ್ಯಾಕಿನ ಮೇಲೆ ಟೇಪ್ ಅಂಟಿಸಿ ಹಾಯಿಯ ನಂಬರ್ ಬರೆಯಿರಿ.

150%ರ ಜೆನೋವಾವನ್ನು ಫೋರ್‌ಸ್ಟೇ ಸುತ್ತ ಅರ್ಧ ಸುತ್ತಿ 110% ಮಾಡಿಕೊಳ್ಳುವುದು ರೇಸಿಗೆ ಒಗ್ಗದು. ಲಫ್ ದಪ್ಪಗಾಗಿ ಹೊಟ್ಟೆ ಹಿಂದಕ್ಕೆ ಹೋಗುತ್ತದೆ. ಪ್ರತಿ ಹಾಯಿಯ ಮುಂದಿನ ಕೆಳಮೂಲೆಯಲ್ಲಿ ಅದರ ಗರಿಷ್ಠ ಗಾಳಿಯನ್ನು ಮಾರ್ಕರ್‌ನಲ್ಲಿ ಬರೆದಿಡಿ. ಹಗುರ ಲ್ಯಾಮಿನೇಟ್ (ಪದರಗಳನ್ನು ಅಂಟಿಸಿ ಮಾಡಿದ ಹಾಯಿಬಟ್ಟೆ) ಒಮ್ಮೆ ಮಿತಿ ಮೀರಿ ಹಿಗ್ಗಿದರೆ ಹಳೆಯ ಆಕಾರಕ್ಕೆ ಮರಳುವುದಿಲ್ಲ.